ಕರಿಕೋಟು ಬೇಡದವರಿಗೆ ಕಾನೂನಿನ ತರಗತಿ ಏಕಿಲ್ಲ?

ಪಿಯುಸಿ ಫಲಿತಾಂಶ ಬಂದ ವಾರ ಮನೆಗೆ ಬರುವ ಅಪ್ಪ-ಅಮ್ಮಂದಿರ ಪ್ರಶ್ನೆ ಈಚೆಗೆ ಬದಲಾಗಿದೆ. ಮೊದಲು ‘ಬಿಕಾಂ ಸಾಕಾ, ಸಿಎ ಮಾಡಿಸಬೇಕಾ’ ಎನ್ನುತ್ತಿದ್ದರು. ಈಗ ‘ಬ್ಯಾಂಕು, ಫೈನಾನ್ಸು ಅಂತಾಳೆ, ಜೊತೆಗೆ ಲಾ ಕೂಡ ಮಾಡಿಸಿದ್ರೆ ಹೇಗೆ ಸಾರ್?’ ಎನ್ನುತ್ತಾರೆ. ಲೆಕ್ಕಶಾಸ್ತ್ರ ಕಲಿಸಿಯೇ ಬದುಕಿದ ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ: ಖಂಡಿತ ಓದಲಿ. ಆದರೆ ‘ಜೊತೆಗೆ’ ಎಂಬ ಮಾತಿಗೇ ಭಾರತೀಯ ವಕೀಲರ ಪರಿಷತ್ತು ಅಡ್ಡ ನಿಂತಿದೆ. ನನ್ನ ತಕರಾರು ಅದಕ್ಕೆ.

ಸಾಲ ವಸೂಲಿಯನ್ನೇ ನೋಡಿ. ಅಡಮಾನದ ಸಾಲ ಎನ್‌ಪಿಎ ಆದಮೇಲೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ಕೊಡಬೇಕು. ಸಾಲಗಾರ ಆಕ್ಷೇಪ ಬರೆದರೆ 15 ದಿನದೊಳಗೆ ಉತ್ತರಿಸಬೇಕು. ಕೃಷಿಭೂಮಿಯ ಮೇಲೆ ಈ ಕಾಯ್ದೆ ನಡೆಯುವುದಿಲ್ಲ. ಹಾಗಾದರೆ ಕಾಫಿ ತೋಟ ಕೃಷಿಭೂಮಿಯೋ ಅಲ್ಲವೋ? ಕೊಡಗು, ಚಿಕ್ಕಮಗಳೂರಿನ ಎಷ್ಟೋ ಬೆಳೆಗಾರರ ಆಸ್ತಿ ಈ ಒಂದು ಪ್ರಶ್ನೆಗೆ ಸಿಕ್ಕಿಕೊಂಡಿದೆ. ನೋಟಿಸಿಗೆ ಸಹಿ ಹಾಕುವ ಅಧಿಕಾರಿ ಬಿಕಾಂನಲ್ಲಿ ಓದಿದ್ದು ಒಂದೆರಡು ಪತ್ರಿಕೆಯಷ್ಟು ವ್ಯಾವಹಾರಿಕ ಕಾನೂನು. ಬಡ್ಡಿಯ ಲೆಕ್ಕ ಅವನಿಗೆ ಬರುತ್ತದೆ. ತನ್ನ ಸಹಿಯಿಂದ ಯಾರ ಯಾವ ಹಕ್ಕು ಹೋಗುತ್ತದೆ ಎಂಬುದನ್ನು ಅವನಿಗೆ ಯಾರೂ ಕಲಿಸಿಲ್ಲ. 2016ರ ದಿವಾಳಿ ಸಂಹಿತೆ, 2017ರ ಜಿಎಸ್‌ಟಿ ಬಂದಮೇಲಂತೂ ಲೆಕ್ಕದ ಕೆಲಸ ಎಲ್ಲಿ ಮುಗಿಯಿತು, ಕಾನೂನಿನದು ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸುವುದೇ ಕಷ್ಟ.

ಆದರೂ ನಿಯಮಗಳು ಹಾಗೇ ಇವೆ. ತರಗತಿಯ ವೇಳೆ ಒಂದರ ಮೇಲೊಂದು ಬೀಳದಿದ್ದರೆ ಎರಡು ಪದವಿ ಒಟ್ಟಿಗೆ ಓದಬಹುದೆಂದು ಯುಜಿಸಿ 2022ರಲ್ಲೇ ಹೇಳಿತು. ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಅದಕ್ಕೆ ಜಾಗವಿಲ್ಲ. ಎಲ್‌ಎಲ್‌ಬಿ ಜೊತೆ ಬೇರೆ ನಿಯತ ಪದವಿ ಕೂಡದು. ಒಂದೇ ಸಂಸ್ಥೆಯಲ್ಲಿ ಓದುವ ಐದು ವರ್ಷದ ಬಿಕಾಂ ಎಲ್‌ಎಲ್‌ಬಿಯಂಥ ಸಂಯೋಜಿತ ಕೋರ್ಸಿಗಷ್ಟೇ ವಿನಾಯಿತಿ. ತರಗತಿ ಬೆಳಿಗ್ಗೆ 8ರಿಂದ ಸಂಜೆ 7ರ ನಡುವೆಯೇ ನಡೆಯಬೇಕು. 2024ರ ಸೆಪ್ಟೆಂಬರಿನ ಸುತ್ತೋಲೆ ಬಯೋಮೆಟ್ರಿಕ್ ಹಾಜರಿ ತಂದಿತು. ಕೆಲಸದಲ್ಲಿದ್ದೀರಾ, ಬೇರೆ ಪದವಿ ಓದುತ್ತಿದ್ದೀರಾ ಎಂದು ವಿದ್ಯಾರ್ಥಿಗಳಿಂದ ಘೋಷಣೆ ಬರೆಸಿಕೊಳ್ಳಲು ಹೇಳಿತು.

ಪರಿಷತ್ತಿನ ಭಯಕ್ಕೆ ಕಾರಣವಿಲ್ಲದಿಲ್ಲ. ತರಗತಿಯ ಮುಖ ನೋಡದೆ ಪದವಿ ಪಡೆದವರನ್ನು ನಾನೂ ಕಂಡಿದ್ದೇನೆ. ಅಂಥವರ ಕೈಗೆ ಕಕ್ಷಿದಾರರ ಬದುಕು ಒಪ್ಪಿಸಬಾರದು, ನಿಜ. ಆದರೆ ಸಂಬಳದ ಪೂರ್ಣಾವಧಿ ನೌಕರ ವಕೀಲಿಕೆ ಮಾಡುವಂತಿಲ್ಲ ಎಂದು ಪರಿಷತ್ತಿನದೇ 49ನೇ ನಿಯಮ ಹೇಳುತ್ತದೆ. ಬ್ಯಾಂಕಿನಲ್ಲಿ ದುಡಿಯುವ ಹುಡುಗಿ ನೌಕರಿಯಲ್ಲಿರುವಷ್ಟು ದಿನ ಕೋರ್ಟಿನಲ್ಲಿ ವಾದಿಸಲಾರಳು. ಕರಿಕೋಟು ತೊಡದವಳನ್ನು ಕರಿಕೋಟಿನ ಘನತೆಯ ಹೆಸರಿನಲ್ಲಿ ತರಗತಿಯಿಂದ ಹೊರಗಿಡುವುದು ಯಾವ ನ್ಯಾಯ? 1961ರ ವಕೀಲರ ಕಾಯ್ದೆ ಪರಿಷತ್ತನ್ನು ಕಟ್ಟಿದ್ದು ವಕೀಲಿ ವೃತ್ತಿಗಾಗಿ. ಕಾನೂನು ತಿಳಿಯಬಯಸುವ ಪ್ರತಿಯೊಬ್ಬರ ಹಗಲೂ ಅದರ ವಶದಲ್ಲಿರಬೇಕಿಲ್ಲ.

ಹಾಗಾದರೆ ಐದು ವರ್ಷದ ಕೋರ್ಸಿಗೇ ಸೇರಿಸಿ ಎನ್ನುತ್ತಾರೆ. ಹದಿನೇಳರ ಮಗುವಿನ ಮೇಲೆ ಐದು ವರ್ಷದ ಹರಕೆ ಹೊರಿಸಲು ನನಗೆ ಮನಸ್ಸಿಲ್ಲ. ಮೊದಲು ಬಿಕಾಂ ಮುಗಿಸಲಿ, ಒಂದೆರಡು ವರ್ಷ ಲೆಕ್ಕದ ಪುಸ್ತಕಗಳ ನಡುವೆ ದುಡಿಯಲಿ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಓದಲಿ. ಒಮ್ಮೆ ಜಪ್ತಿ ಆದೇಶ ಕೈಯಲ್ಲಿ ಹಿಡಿದವರಿಗೆ ಕಾಯ್ದೆಯ ಕಲಮು ಬೇರೆಯೇ ರೀತಿ ಅರ್ಥವಾಗುತ್ತದೆ. ಐದು ವರ್ಷದ ಕೋರ್ಸಿಗೆ ಹೆಸರಾದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ 2022ರಲ್ಲಿ ಪದವೀಧರರಿಗಾಗಿ ಮೂರು ವರ್ಷದ ಕೋರ್ಸು ತೆರೆಯಿತು.

ತೊಡಕು ಬರುವುದು ದುಡ್ಡಿನಲ್ಲಿ. ದುಡಿಮೆಗೆ ಇಳಿದವರು ಮೂರು ವರ್ಷ ಸಂಬಳ ಬಿಟ್ಟು ಹಗಲು ತರಗತಿಯಲ್ಲಿ ಕೂರುವುದು ಹೇಗೆ? ಅವರಿಗಾಗಿ ಸಂಜೆ 7ರ ನಂತರದ ತರಗತಿ ಬೇಕು. ಪಠ್ಯ ಅದೇ ಇರಲಿ, ಪರೀಕ್ಷೆ ಇನ್ನೂ ಬಿಗಿಯಾಗಲಿ, ಹಾಜರಿಯನ್ನೂ ಕಟ್ಟುನಿಟ್ಟಾಗಿ ಹಿಡಿಯಲಿ. ಪದವಿಯ ಜೊತೆ ಸನ್ನದು ಕೊಡದಿರಲಿ. ಮುಂದೆ ಕೋರ್ಟಿಗೆ ಹೋಗುವ ಮನಸ್ಸಾದವರು ಒಂದು ವರ್ಷ ಹಿರಿಯ ವಕೀಲರ ಕೈಕೆಳಗೆ ಪಳಗಿ, ಈಗಿರುವ ಅಖಿಲ ಭಾರತ ಬಾರ್ ಪರೀಕ್ಷೆ ಬರೆಯಲಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಾಲ ಕೊಡುವ ಕಂಪನಿಯೊಂದರಲ್ಲಿದ್ದಾಳೆ. ದಿವಾಳಿ ಸಂಹಿತೆಯ ಪುಸ್ತಕ ಕೊಂಡುಕೊಂಡು ರಾತ್ರಿ ಓದುತ್ತಾಳೆ, ಅರ್ಥವಾಗದ ಕಲಮುಗಳಿಗೆ ಪೆನ್ಸಿಲ್ ಗುರುತು ಹಾಕಿ ಭಾನುವಾರ ನನಗೆ ಫೋನು ಮಾಡುತ್ತಾಳೆ. ಕಾಲೇಜಿಗೆ ಸೇರಮ್ಮ ಎಂದೆ. ‘ಕೆಲಸ ಬಿಟ್ರೆ ತಮ್ಮನ ಫೀಸು ಯಾರು ಕಟ್ತಾರೆ ಸಾರ್?’ ಎಂದಳು.