ಪುಟ್ಟ ಕಾರಿಗೆ ದುಬಾರಿ ಪೆಟ್ರೋಲು ಏತಕ್ಕೆ?

ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿ, ಈಗ ನ್ಯೂ ಟೌನಿನಲ್ಲಿ ಮಿತವಾದ ಆದಾಯದಲ್ಲಿ ಹಳೆಯದೊಂದು ಪುಟ್ಟ ಕಾರನ್ನು ಜೋಪಾನವಾಗಿ ಇರಿಸಿಕೊಂಡಿರುವ ನನ್ನ ವೃದ್ಧ ಮಿತ್ರರಿಗೆ, ಈ ವಾರ ಪೆಟ್ರೋಲ್ ಬಂಕಿನ ಹುಡುಗನು, "ಸಾರ್, ಪ್ರೀಮಿಯಂ ಹಾಕ್ಲಾ? ಎಥನಾಲ್ ಬಂದ್ಮೇಲೆ ಮೈಲೇಜ್ ಬಿದ್ದೋಗಿದೆ, ಇದ್ರಲ್ಲಿ ಪಿಕಪ್ ಚೆನ್ನಾಗಿರತ್ತೆ" ಎಂದವನೇ, ಅವರು ಹೂಂ ಎನ್ನುವ ಮೊದಲೇ ಟ್ಯಾಂಕಿಗೆ ನಾಜಲ್ ಇಟ್ಟುದನ್ನು ಪಕ್ಕದ ಸೀಟಿನಿಂದ ಕಂಡ ನನ್ನ ಕೋಪ ಇನ್ನೂ ಇಳಿದಿಲ್ಲ. ಕೋಪ ಅವನಿಗೆ ಹಾಗೆ ಹೇಳಲು ಕಲಿಸಿದವರ ಮೇಲೆ.

ಪ್ರೀಮಿಯಂ ಪೆಟ್ರೋಲಿನ ಹೆಗ್ಗಳಿಕೆಯಾದ ಆಕ್ಟೇನ್ ಅಂಕವು ಇಂಧನದ ಬಲವನ್ನು ಅಳೆಯುವುದೇ ಇಲ್ಲ. ಸಿಲಿಂಡರಿನೊಳಗೆ ಪಿಸ್ಟನ್ ಅದುಮಿದ ಗಾಳಿ ಪೆಟ್ರೋಲುಗಳ ಮಿಶ್ರಣವು, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹರಡುವ ಜ್ವಾಲೆ ತನ್ನನ್ನು ಮುಟ್ಟುವ ಮುನ್ನವೇ ಒತ್ತಡದ ತಾಪಕ್ಕೆ ತಾನಾಗಿ ಹೊತ್ತಿಕೊಂಡರೆ ಇಂಜಿನ್ ಟಕಟಕನೆ ಬಡಿದುಕೊಳ್ಳುತ್ತದೆ. ಹಾಗೆ ಹೊತ್ತಿಕೊಳ್ಳದೆ ತಾಳುವ ಗುಣಕ್ಕೆ, ಹೆಪ್ಟೇನಿಗೆ ಸೊನ್ನೆಯೆಂದೂ ಐಸೋ ಆಕ್ಟೇನಿಗೆ ನೂರೆಂದೂ ಇಟ್ಟುಕೊಂಡು ಕಟ್ಟಿದ ಅಂಕವಿದು. ಅದುಮುವಿಕೆ ಅಧಿಕವಾಗಿರುವ ಇಂಜಿನಿಗೆ, ಟರ್ಬೊ ಉಳ್ಳ ಇಂಜಿನಿಗೆ, ಇದು ಹೆಚ್ಚು ಬೇಕು. 91ಕ್ಕೆ ತೃಪ್ತವಾಗುವಂತೆ ರಚಿತವಾದ ಪುಟ್ಟ ಇಂಜಿನಿಗೆ 100ರದ್ದನ್ನು ಎರೆದರೆ ಖಾಲಿಯಾಗುವುದು ಜೇಬು ಮಾತ್ರ.

ಇಂಧನದ ವಿವೇಕವನ್ನು ಭದ್ರಾವತಿಗೆ ಹೊರಗಿನವರು ಬೋಧಿಸಬೇಕಾಗಿರಲಿಲ್ಲ. ಕಲ್ಲಿದ್ದಲಿಲ್ಲದ ಮೈಸೂರು ಸಂಸ್ಥಾನವು 1923ರಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಕುಲುಮೆಯನ್ನು ಉರಿಸಿ ಕಬ್ಬಿಣವನ್ನು ಕರಗಿಸಿದ ಊರಿದು. ಇದ್ದಿಲಾಗುವಾಗ ಹೊರಟ ಹೊಗೆಯನ್ನೂ ವ್ಯರ್ಥವಾಗಗೊಡದೆ ತಣಿಸಿ ಮರದ ಮದ್ಯಸಾರವನ್ನು ತೆಗೆದವರು ಇಲ್ಲಿದ್ದರು. ಕುಲುಮೆಗೆ ಏನು, ಎಷ್ಟು ಎಂಬುದನ್ನು ಪಾಳಿ ಪಾಳಿಯಲ್ಲಿ ಲೆಕ್ಕವಿಟ್ಟ ನನ್ನ ಮಿತ್ರರು ಬಂಕಿನಲ್ಲಿ, "ಇದರಲ್ಲಿ ಎಥನಾಲ್ ಎಷ್ಟಿದೆಯಪ್ಪಾ?" ಎಂದು ಕೇಳಿಯೇ ಕೇಳಿದರು. ಉತ್ತರ ಬರಲಿಲ್ಲ.

ಎಥನಾಲಿನಿಂದ ಮೈಲೇಜು ಇಳಿಯುವುದು ಸುಳ್ಳಲ್ಲ. ಹಳೆಯ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಇಳಿದೀತೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಆದರೆ ಆ ನಷ್ಟಕ್ಕೆ ಕಾರಣ ಎಥನಾಲಿನ ಉಷ್ಣಶಕ್ತಿ ಪೆಟ್ರೋಲಿಗಿಂತ ಕಡಿಮೆಯಾಗಿರುವುದು; ಆಕ್ಟೇನಾದರೋ ಏರಿದೆ. ಶೇ. 20ರಷ್ಟು ಎಥನಾಲ್ ಬೆರೆತ ಮೇಲೆ ಸಾಮಾನ್ಯ ಪೆಟ್ರೋಲಿನ ಅಂಕ 91ರಿಂದ 95ಕ್ಕೆ ಹೋಯಿತೆಂದು 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಸಾರಿದೆ. ಹಾಗಿದ್ದಮೇಲೆ ಪ್ರೀಮಿಯಂನ 95 ಎಂಬ ಅಂಕೆಗಾಗಿ ಬಡ ನಿವೃತ್ತನು ಲೀಟರಿಗೆ ಮತ್ತಷ್ಟು ತೆರುವುದು ಯಾವ ನ್ಯಾಯ? ಕಾರಿನ ಕೈಪಿಡಿ ಕೇಳಿದ್ದನ್ನು ಹಾಕಿಸಿರಿ. ಏರಿನಲ್ಲಿ ಬಡಿತ ಕೇಳಿಸಿದರೆ ಮೆಕ್ಯಾನಿಕ್ಕಿಗೆ ತೋರಿಸಿರಿ. ಮೈಲೇಜು ಬೇಕಾದರೆ ಟೈರಿನ ಗಾಳಿಯನ್ನು ನೋಡಿಸಿರಿ.

ಈ ಅಂಕಣದಲ್ಲಿ ಹಿಂದೆಯೂ ಕೇಳಿದ್ದೇನೆ, ಮತ್ತೆ ಕೇಳುತ್ತೇನೆ: ಆಕ್ಟೇನ್ ಎಷ್ಟು, ಎಥನಾಲ್ ಶೇಕಡಾ ಎಷ್ಟು ಎಂಬುದನ್ನು ಪ್ರತಿಯೊಂದು ಪಂಪಿನ ಮೇಲೂ ಕನ್ನಡದಲ್ಲಿ, ಮುದುಕರ ಕಣ್ಣಿಗೂ ಕಾಣುವಷ್ಟು ದೊಡ್ಡದಾಗಿ ಬರೆಯಿಸಬೇಕು. ಆಳೆತ್ತರದ ಜಾಹೀರಾತುಗಳಿಗೆ ಸ್ಥಳವಿರುವ ಬಂಕುಗಳಲ್ಲಿ ಈ ಎರಡು ಅಂಕಿಗಳಿಗೆ ಗೇಣಗಲ ಜಾಗ ಸಿಕ್ಕಿಲ್ಲವೆಂದರೆ, ಅದನ್ನು ಮರೆವೆಂದು ನಂಬಲು ನಾನು ಸಿದ್ಧನಿಲ್ಲ.