ಚಿತ್ರವೂ ವಿಳಾಸವೂ

ಕಂಡ ಚೆಲುವನ್ನು ಇನ್ನೊಬ್ಬರಿಗೆ ತೋರಿಸಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಯಾತ್ರೆಗೆ ಹೋಗಿ ಬಂದವನು ಪ್ರಸಾದದೊಡನೆ ದಾರಿಯ ಕತೆಯನ್ನೂ ಹೊತ್ತು ತರುತ್ತಾನೆ. ಕೇಳಿದವರು ತಾವು ಕಾಣದ ಹೊಳೆಯನ್ನೂ ಹತ್ತದ ಬೆಟ್ಟವನ್ನೂ ಮನಸ್ಸಿನಲ್ಲಿಯೇ ಚಿತ್ರಿಸಿಕೊಳ್ಳುತ್ತಾರೆ. ಫ್ರಾನ್ಸಿನ ಲೂಯಿ ಡಗೇರ್ 1839ರಲ್ಲಿ ತನ್ನ ಛಾಯಾಗ್ರಹಣ ವಿಧಾನವನ್ನು ಲೋಕಕ್ಕೆ ತಿಳಿಸಿದ ಮೇಲೆ ಈ ಹಂಬಲಕ್ಕೆ ಹೊಸದೊಂದು ಸಾಧನ ದೊರೆಯಿತು. ಇಂದಂತೂ ಕಿಸೆಯಲ್ಲಿರುವ ಮೊಬೈಲೇ ಕ್ಯಾಮೆರಾ. ತೆಗೆದ ಗಳಿಗೆಯಲ್ಲಿಯೇ ಚಿತ್ರವು ಸಾವಿರಾರು ಜನರ ಕೈ ಸೇರಬಲ್ಲದು. ಆದರೆ ಹಾಗೆ ಸೇರುವಾಗ ಎಷ್ಟೋ ವೇಳೆ ಚಿತ್ರದೊಡನೆ ಆ ಸ್ಥಳದ ವಿಳಾಸವೂ ಸೇರುತ್ತದೆ. ಚಿತ್ರವನ್ನು ಹಂಚುವುದು ಒಂದು ಮಾತು, ವಿಳಾಸವನ್ನು ಹಂಚುವುದು ಇನ್ನೊಂದು ಮಾತು. ಈ ಭೇದವನ್ನು ಅರಿಯದೆ ಹೋದರೆ ಪ್ರಕೃತಿಯ ಮೇಲಣ ಪ್ರೀತಿಯೇ ಪ್ರಕೃತಿಗೆ ಕೇಡಾಗಿ ಪರಿಣಮಿಸಬಹುದು.

ಕ್ಯಾಮೆರಾ ಪ್ರಕೃತಿಗೆ ಮಾಡಿರುವ ಉಪಕಾರ ಅಲ್ಪವಾದುದಲ್ಲ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬಾತ ಭಾರವಾದ ಕ್ಯಾಮೆರಾವನ್ನೂ ಗಾಜಿನ ಫಲಕಗಳನ್ನೂ ಹೊರಿಸಿಕೊಂಡು ಅಮೆರಿಕದ ಯೊಸೆಮಿಟಿ ಕಣಿವೆಗೆ ಹೋಗಿ ಚಿತ್ರಗಳನ್ನು ತೆಗೆದನು. ಆ ಕಣಿವೆಯನ್ನು ಕಣ್ಣಾರೆ ಕಾಣದಿದ್ದ ಎಷ್ಟೋ ಜನರಿಗೆ ಅದರ ಹಿರಿಮೆಯನ್ನು ಮನಗಾಣಿಸಿದವು ಆ ಚಿತ್ರಗಳು. 1864ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅದರ ರಕ್ಷಣೆಯ ಶಾಸನಕ್ಕೆ ಸಹಿ ಹಾಕಿದನು. ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯೂ. ಚಾಂಪಿಯನ್ ಕಾಡಿನ ಹಾದಿಗೆ ತಂತಿ ಕಟ್ಟಿ, ಹುಲಿಯು ಅದನ್ನು ಎಡವಿದೊಡನೆ ತಾನಾಗಿಯೇ ಚಿತ್ರ ಮೂಡುವಂತೆ ಮಾಡಿದನು. 1927ರಲ್ಲಿ ಪ್ರಕಟವಾದ ಅವನ ಪುಸ್ತಕವು, ಹುಲಿಯನ್ನು ಕೋವಿಯಿಂದಲ್ಲದೆ ಕ್ಯಾಮೆರಾದಿಂದಲೂ ಬೇಟೆಯಾಡಬಹುದೆಂದು ತೋರಿಸಿಕೊಟ್ಟಿತು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟ ಕಾಡುಗಳ ನಡುವೆ ತಾಳ್ಮೆಯಿಂದ ಕಾದು ಹಕ್ಕಿಗಳ ಚಿತ್ರ ತೆಗೆದರು. ಅವುಗಳಿಂದಾಗಿ ಎಷ್ಟೋ ಓದುಗರು ತಮ್ಮ ಹಿತ್ತಲಿನ ಹಕ್ಕಿಯನ್ನು ಮೊದಲ ಬಾರಿಗೆ ಕಣ್ಣೆತ್ತಿ ನೋಡುವಂತಾಯಿತು. ಇವೆಲ್ಲ ನೋಡುವವನ ಕಣ್ಣನ್ನು ತೆರೆಸಿದ ಚಿತ್ರಗಳು.

ಇಂದಿನ ಚಿತ್ರಕ್ಕೆ ಅಂಟಿಕೊಂಡು ಬರುವ ವಿಳಾಸದ ಬಗೆಯೇ ಬೇರೆ. ಭೂಮಿಯಿಂದ ಸುಮಾರು 20,000 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಂಕೇತಗಳನ್ನು ಕಳುಹಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ, ಅವು ಬಂದು ತಲುಪಿದ ಕಾಲವನ್ನು ಲೆಕ್ಕ ಹಾಕಿ ಮೊಬೈಲು ತಾನಿರುವ ಅಕ್ಷಾಂಶ ರೇಖಾಂಶಗಳನ್ನು ಕಂಡುಕೊಳ್ಳುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರು. ದಶಮಾಂಶ ಬಿಂದುವಿನ ಮುಂದೆ ನಾಲ್ಕು ಅಂಕೆಗಳಿದ್ದರೆ ಅದು ಸುಮಾರು 11 ಮೀಟರಿಗೆ ಇಳಿಯುತ್ತದೆ. ಎಂದರೆ, ಕಾಡನ್ನಲ್ಲ, ಕಾಡಿನೊಳಗಣ ಒಂದು ಮರವನ್ನೇ ಬೆರಳಿಟ್ಟು ತೋರಿಸಿದಂತಾಯಿತು. ಈ ಅಂಕೆಗಳು ಚಿತ್ರದ ಕಡತದಲ್ಲಿಯೇ ಅಡಗಿ ಕುಳಿತಿರುತ್ತವೆ. ಚಿತ್ರವನ್ನು ಕಳುಹಿಸುವವನಿಗೆ ಇದರ ಅರಿವು ಇರದೆಯೂ ಇರಬಹುದು. ಯಾರಿಗೂ ಹೇಳಲಿಲ್ಲವೆಂದು ಅವನು ನೆಮ್ಮದಿಯಿಂದಿದ್ದರೆ, ಅವನ ಚಿತ್ರವೇ ಎಲ್ಲರಿಗೂ ಹೇಳಿಬಿಟ್ಟಿರುತ್ತದೆ.

ಹೇಳಿದರೆ ತಾನೇ ಏನಾಯಿತು ಎಂದು ಕೇಳಬಹುದು. ಕುರಿಂಜಿಯ ಗಿಡವನ್ನು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಪಶ್ಚಿಮಘಟ್ಟದ ನೀಲಕುರಿಂಜಿಯು 12 ವರ್ಷಗಳಿಗೊಮ್ಮೆ ಹೂಬಿಟ್ಟು, ಬೀಜ ಕಟ್ಟಿ, ಸತ್ತುಹೋಗುತ್ತದೆ. ಅದರ ಬಾಳಿನಲ್ಲಿ ಹೂವಿನ ಋತು ಒಂದೇ. 2018ರಲ್ಲಿ ಮುನ್ನಾರಿನ ಬೆಟ್ಟಗಳೂ, 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯೂ ಕುರಿಂಜಿಯಿಂದ ನೀಲಿಯಾದವು. ಚಿತ್ರಗಳು ಊರೂರಿಗೆ ಹರಡಿದವು. ಅವುಗಳ ಹಿಂದೆಯೇ ಜನರು ತಂಡ ತಂಡವಾಗಿ ಬೆಟ್ಟ ಹತ್ತಿದರು. ಬಂದವರಲ್ಲಿ ಯಾರೂ ಕೇಡು ಬಯಸಿ ಬರಲಿಲ್ಲ. ಆದರೆ ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳಬೇಕಾದರೆ ಗಿಡವನ್ನು ಮೆಟ್ಟಲೇಬೇಕು. ಬೀಜ ಕಟ್ಟುವ ಮೊದಲೇ ಮುರಿದ ಗಿಡಕ್ಕೆ ಮರುವರ್ಷವೆಂಬುದಿಲ್ಲ. ಒಬ್ಬನ ಹೆಜ್ಜೆ ಮಳೆಯಲ್ಲಿ ಅಳಿಸಿಹೋದೀತು. ಸಾವಿರ ಜನರ ಹೆಜ್ಜೆ ದಾರಿಯಾಗಿ ನಿಲ್ಲುತ್ತದೆ.

ಪ್ರಾಣಿಪಕ್ಷಿಗಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಗೂಡಿನ ಬಳಿ ಜನ ಸೇರಿದರೆ ತಾಯಿ ಹಕ್ಕಿ ಹತ್ತಿರ ಬರಲು ಅಂಜುತ್ತದೆ. ಅಷ್ಟರಲ್ಲಿ ಮೊಟ್ಟೆ ತಣ್ಣಗಾಗಬಹುದು. ಮರಿ ಬಿಸಿಲಿಗೆ ಬಾಡಬಹುದು. ಗದ್ದಲವನ್ನು ಗಮನಿಸಿದ ಕಾಗೆಗೆ ಗೂಡಿನ ಜಾಡು ಸಿಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆ ಗೂಡುಗಳಿಗೆ ತೊಂದರೆ ಕೊಡುವುದನ್ನು ಬೇಟೆಯೆಂದೇ ಪರಿಗಣಿಸಿರುವುದು ಸಕಾರಣವಾಗಿಯೇ ಇದೆ. ಇನ್ನು ನಕ್ಷತ್ರ ಆಮೆಯನ್ನು ಸಾಕುಪ್ರಾಣಿಯ ಕಳ್ಳವ್ಯಾಪಾರಕ್ಕಾಗಿ ಹಿಡಿದೊಯ್ಯುವವರು ಉಂಟು. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಅತ್ಯಂತ ಕಟ್ಟುನಿಟ್ಟಿನ ನಿರ್ಬಂಧ ವಿಧಿಸಬೇಕಾಯಿತು. ಅಂಥ ಪ್ರಾಣಿಯ ನೆಲೆಯನ್ನು ಹನ್ನೊಂದು ಮೀಟರಿನೊಳಗೆ ತೋರಿಸಿಕೊಡುವ ಚಿತ್ರವು ಕಳ್ಳನಿಗೆ ಕೊಟ್ಟ ನಕ್ಷೆಯಾದೀತು. ಚಿತ್ರ ತೆಗೆದವನ ಮನಸ್ಸು ಎಷ್ಟೇ ಶುದ್ಧವಾಗಿದ್ದರೂ ಚಿತ್ರವನ್ನು ನೋಡುವವರ ಮನಸ್ಸಿಗೆ ಅವನು ಹೊಣೆಯಾಗಲಾರನು.

ಇತರ ದೇಶಗಳೂ ಈ ಪಾಠವನ್ನು ಕಷ್ಟಪಟ್ಟೇ ಕಲಿತಿವೆ. ಐಸ್‌ಲ್ಯಾಂಡಿನ ಕಮರಿಯೊಂದು 2015ರಲ್ಲಿ ಹೆಸರಾಂತ ಗಾಯಕನೊಬ್ಬನ ಹಾಡಿನ ದೃಶ್ಯದಲ್ಲಿ ಕಾಣಿಸಿಕೊಂಡಿತು. ನೋಡಬಂದವರ ತುಳಿತಕ್ಕೆ ಸಿಕ್ಕಿದ ಅಲ್ಲಿನ ಪಾಚಿಯೂ ಗಿಡಗಳೂ ಚೇತರಿಸಿಕೊಳ್ಳಲೆಂದು 2019ರಲ್ಲಿ ಕಮರಿಯನ್ನೇ ಮುಚ್ಚಬೇಕಾಯಿತು. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿರುವ ಜಾಕ್ಸನ್ ಹೋಲ್ ಪ್ರದೇಶದ ಪ್ರವಾಸೋದ್ಯಮ ಮಂಡಲಿಯು 2018ರಲ್ಲಿ, ಚಿತ್ರಗಳಿಗೆ ನಿರ್ದಿಷ್ಟ ಸ್ಥಳದ ಹೆಸರನ್ನು ಅಂಟಿಸಬೇಡಿರೆಂದು ಪ್ರವಾಸಿಗರನ್ನು ಕೇಳಿಕೊಂಡಿತು. ಪ್ರವಾಸಿಗರನ್ನು ಕರೆಯುವುದೇ ಕೆಲಸವಾಗಿದ್ದ ಸಂಸ್ಥೆಯು ಹೀಗೆ ಹೇಳಬೇಕಾಗಿ ಬಂದದ್ದು ಗಮನಾರ್ಹ.

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಪ್ರಕೃತಿ ಎಲ್ಲರ ಸೊತ್ತು. ಮೊದಲು ಕಂಡವರು ಅದನ್ನು ಬಚ್ಚಿಟ್ಟುಕೊಂಡರೆ ಅದು ಕೆಲವರ ಭೋಗವಸ್ತುವಾಗುವುದಿಲ್ಲವೆ ಎಂಬುದು ಮೊದಲನೆಯದು. ಪ್ರವಾಸಿಗರು ಬಂದರೆ ಹಳ್ಳಿಯ ಬಡವನಿಗೆ ನಾಲ್ಕು ಕಾಸು ಸಿಗುತ್ತದೆ ಎಂಬುದು ಎರಡನೆಯದು. ಸ್ಥಳದ ಉಲ್ಲೇಖವಿಲ್ಲದ ಮಾಹಿತಿ ವಿಜ್ಞಾನಕ್ಕೆ ಉಪಯೋಗವಿಲ್ಲ ಎಂಬುದು ಮೂರನೆಯದು. ಮೂರರಲ್ಲಿಯೂ ಸತ್ಯವಿದೆ. ಆದರೆ ಊಟಕ್ಕೆ ಕರೆಯುವವನು ಎಷ್ಟು ಎಲೆ ಹಾಕಲು ಜಾಗವಿದೆಯೆಂದು ಮೊದಲು ನೋಡಿಕೊಳ್ಳುತ್ತಾನೆ. ಜೋಗದ ಜಲಪಾತಕ್ಕೆ ರಸ್ತೆಯುಂಟು, ಕಟಕಟೆಯುಂಟು, ಕಾವಲುಂಟು. ಅದರ ವಿಳಾಸವನ್ನು ಬಚ್ಚಿಡುವುದು ಅರ್ಥವಿಲ್ಲದ ಮಾತು. ಹೆಸರಿಲ್ಲದ ಝರಿಯ ದಂಡೆಯಲ್ಲಿ ಇವು ಯಾವುವೂ ಇಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ಚಾರಣದ ದಾರಿಯಲ್ಲಿ ಜನಸಂದಣಿ ಮಿತಿಮೀರಿದಾಗ, ಮುಂಗಡ ನೋಂದಣಿಯಿಲ್ಲದ ಕಡೆಗಳಲ್ಲಿ ಚಾರಣವನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಹಾಗೆ ನಿಲ್ಲಿಸಿದಾಗ ಹಳ್ಳಿಯವನ ಸಂಪಾದನೆಯೂ ನಿಲ್ಲುತ್ತದೆ. ಮಿತಿಯಿದ್ದರೆ ಮಾತ್ರ ಅವನ ಅನ್ನ ಬಹುಕಾಲ ಉಳಿದೀತು.

ವಿಜ್ಞಾನದ ಆಕ್ಷೇಪಕ್ಕೆ ವಿಜ್ಞಾನಿಗಳೇ ಒಂದು ಮಧ್ಯಮಾರ್ಗವನ್ನು ಕಂಡುಕೊಂಡಿದ್ದಾರೆ. ಜನಸಾಮಾನ್ಯರು ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ಅಂತರಜಾಲ ವ್ಯವಸ್ಥೆಯು, ಅಳಿವಿನಂಚಿನ ಜೀವಿಗಳ ನಿಜವಾದ ಸ್ಥಳವನ್ನು ಮರೆಸಿ, ಸುಮಾರು 20 ಕಿಲೋಮೀಟರು ಅಗಲದ ಚೌಕದಲ್ಲಿ ಎಲ್ಲೋ ಒಂದು ಬಿಂದುವನ್ನು ಮಾತ್ರ ಸಾರ್ವಜನಿಕರಿಗೆ ತೋರಿಸುತ್ತದೆ. ಹಕ್ಕಿಗಳ ದಾಖಲೆಯ ಇಬರ್ಡ್ ಕೂಡ ಸೂಕ್ಷ್ಮ ಜಾತಿಗಳ ನೆಲೆಯನ್ನು ಮುಚ್ಚಿಡುತ್ತದೆ. ನಿಖರವಾದ ಮಾಹಿತಿ ಕಳೆದುಹೋಗುವುದಿಲ್ಲ. ಅದು ದಾಖಲೆಯಲ್ಲಿ ಭದ್ರವಾಗಿರುತ್ತದೆ. ಸಂಚಾರಿಯಾದ ಛಾಯಾಗ್ರಾಹಕನೂ ಇದೇ ನೀತಿಯನ್ನು ಪಾಲಿಸಬಹುದು. ಸ್ಥಳವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಳ್ಳಲಿ. ಅರಣ್ಯ ಇಲಾಖೆಗೆ, ಸಂಶೋಧಕನಿಗೆ ಬೇಕಾದಾಗ ತಿಳಿಸಲಿ. ಲೋಕಕ್ಕೆ ಜಿಲ್ಲೆಯ ಹೆಸರನ್ನೋ ಬೆಟ್ಟಸಾಲಿನ ಹೆಸರನ್ನೋ ಹೇಳಿದರೆ ಸಾಕು. ಕ್ಯಾಮೆರಾದ ಸ್ಥಳಸೂಚಿಯನ್ನು ನಿಲ್ಲಿಸುವುದಕ್ಕೆ ಅರೆಗಳಿಗೆಯೂ ಬೇಕಾಗಿಲ್ಲ. ವಿಳಾಸಕ್ಕೆ ಬದಲಾಗಿ ಆ ಗಿಡದ ಹೆಸರನ್ನೂ, ಅದರ ಬಾಳಿನ ಕ್ರಮವನ್ನೂ ನಾಲ್ಕು ಸಾಲಿನಲ್ಲಿ ಬರೆದರೆ ನೋಡುವವನಿಗೆ ಹೆಚ್ಚಿನ ಲಾಭವಾದೀತು.

ವಿಳಾಸವಿಲ್ಲವೆಂದು ಒಳ್ಳೆಯ ಚಿತ್ರದ ಬೆಲೆ ಕುಂದುವುದಿಲ್ಲ. ಅದನ್ನು ಕಂಡ ಹುಡುಗನೊಬ್ಬ ತನ್ನ ಊರಿನ ಗುಡ್ಡದಲ್ಲಿಯೂ ಇಂಥದೇನಾದರೂ ಉಂಟೇ ಎಂದು ಹುಡುಕಲು ಹೊರಟರೆ ಚಿತ್ರ ಸಾರ್ಥಕವಾದಂತೆಯೇ. ಬೆಟ್ಟದ ಇಳಿಜಾರಿನಲ್ಲಿ ಇಂದು ಮುರಿಯದೆ ಉಳಿದ ಕುರಿಂಜಿಯ ಬೀಜ ಮಣ್ಣಿಗೆ ಬಿದ್ದು, ಮೊಳೆತು, ಹನ್ನೆರಡು ವರ್ಷ ಮೌನವಾಗಿ ಬೆಳೆಯುತ್ತದೆ. ಅದು ಮತ್ತೆ ಹೂಬಿಡುವ ಹೊತ್ತಿಗೆ, ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವವರು ಪ್ರಾಯಕ್ಕೆ ಬಂದಿರುತ್ತಾರೆ. ಆ ಹೂವನ್ನು ಕಾಣುವ ಹಕ್ಕು ಅವರಿಗೂ ಉಂಟು.