ನನ್ನ ಐಟಿ ರಿಟರ್ನ್, ಆಯಿಯ ರೇಷನ್ ಕಾರ್ಡ್

2024ರ ನವೆಂಬರ್. ಮೀಟಿಂಗ್‌ನಲ್ಲಿದ್ದೆ. ಬಾಗಲಕೋಟೆಯ ಆಸ್ಪತ್ರೆಯಿಂದ ಅಪ್ಪ ಮೂರನೇ ಸಲ ಫೋನ್ ಮಾಡಿದ. "ಕಾರ್ಡ್ ಎಪಿಎಲ್ ಆಗೈತಂತ. ರೊಕ್ಕಾ ಕಟ್ಟರಿ ಅಂತಾರ. ನೀ ಟ್ಯಾಕ್ಸ್ ಕಟ್ಟತೀಯಂತ, ಅದಕ್ಕಂತ."

ನಮ್ಮದು ಇಳಕಲ್. ಅಪ್ಪ ಸೀರೆ ನೇಯುತ್ತಾನೆ. ಆಯಿಗೆ, ಅಂದರೆ ಅಜ್ಜಿಗೆ, 73. ಎಲೆ, ಅಡಿಕೆ, ತಂಬಾಕು ಐವತ್ತು ವರ್ಷದ ರೂಢಿ. ಕೆನ್ನೆಯೊಳಗಿನ ಹುಣ್ಣು ಕ್ಯಾನ್ಸರ್ ಅಂತ ತಿಳಿಯುವಷ್ಟರಲ್ಲಿ ತಡವಾಗಿತ್ತು. ಆಪರೇಷನ್ ಬಿಪಿಎಲ್ ಕಾರ್ಡ್ ಮೇಲೇ ಆಯಿತು. ರೇಡಿಯೇಶನ್‌ಗೆ ತಡ ಮಾಡಬೇಡಿ ಅಂದಿದ್ದರು ಡಾಕ್ಟರು. ಅಷ್ಟರಲ್ಲಿ ಈ ಫೋನು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಲಕ್ಷದ ಪ್ಯಾಕೇಜಿಗೆ 70 ಸಾವಿರ ಮನೆಯವರದು. ಅಕ್ಕಿ ಕಾರ್ಡ್ ಅಂದುಕೊಂಡಿದ್ದೇ ಆಸ್ಪತ್ರೆ ಕಾರ್ಡೂ ಹೌದು.

ಆ ತಿಂಗಳು ರಾಜ್ಯದ ತುಂಬ ಕಾರ್ಡ್ ರದ್ದತಿಯ ಗದ್ದಲ. ಕೊನೆಗೆ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಅಂತ ಸರ್ಕಾರ ಹೇಳಿತು. ವಾರ್ಡಿನಲ್ಲಿ ಪರಿಚಯವಾದ ಬಾದಾಮಿ ಕಡೆಯ ಅಜ್ಜಾರ ಕಾರ್ಡ್ ತಿರುಗಿ ಬಂತು. ಅವರ ಮಗ ಟ್ರ್ಯಾಕ್ಟರ್ ಸಾಲಕ್ಕಾಗಿ ರಿಟರ್ನ್ ಫೈಲ್ ಮಾಡಿದ್ದ, ಅಷ್ಟೇ. ನಮ್ಮದು ಬರಲಿಲ್ಲ. ನಾನು ನಿಜವಾಗಿಯೂ ತೆರಿಗೆ ಕಟ್ಟುತ್ತೇನೆ.

ಸಿಟ್ಟು ಯಾರ ಮೇಲೆ ಮಾಡಲಿ? ಎಂಟು ವರ್ಷದಿಂದ ಬೆಂಗಳೂರಲ್ಲಿದ್ದೀನಿ, ಹೆಸರು ಮಾತ್ರ ಊರಿನ ಕಾರ್ಡಲ್ಲೇ. ಮುಂದಿನ ಸಲ ಹೋದಾಗ ತೆಗೆಸೋಣ ಅಂತ ಬಿಟ್ಟಿದ್ದೆ. ಆಫೀಸಿನ ಇನ್ಶೂರೆನ್ಸಲ್ಲಿ ಅಪ್ಪ-ಅವ್ವ ಇದ್ದಾರೆ, ಅಜ್ಜಿಗೆ ಜಾಗವಿಲ್ಲ. 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷದವರೆಗೆ ಕೊಡುವ ವಯ ವಂದನಾ ಕಾರ್ಡನ್ನು ಕೇಂದ್ರ ಹಿಂದಿನ ತಿಂಗಳಷ್ಟೇ ಶುರು ಮಾಡಿತ್ತು. ಆ ಹೊತ್ತಿಗೆ ಅದು ನಮ್ಮ ಕೈಗೆ ಸಿಗಲಿಲ್ಲ.

ಬಿಲ್ಲಿನ ವಿಷಯ ಆಯಿಗೆ ಗೊತ್ತಾಯಿತು. ಹೊಲಿಗೆ ಹಾಕಿದ ಬಾಯಲ್ಲೇ ಅಂದಳು, "ಸಾಕ ಬಿಡಪಾ. ನನ್ನ ಸಲುವಾಗಿ ಸಾಲಾ ಮಾಡಬ್ಯಾಡ. ಊರಿಗೆ ಹೋಗೂಣು." ಆಫೀಸಿನವರೇ ರೊಕ್ಕ ಕೊಟ್ಟರು ಅಂತ ಸುಳ್ಳು ಹೇಳಿ ಪರ್ಸನಲ್ ಲೋನ್ ತಗೊಂಡೆ. ರೇಡಿಯೇಶನ್ ಹದಿನೈದು ದಿನ ತಡವಾಗಿ ಶುರುವಾಯಿತು. ಇಎಂಐ ಇನ್ನೂ ನಡೆದಿದೆ. ಆಯಿ ಈಗ ಮೆತ್ತನೆ ಅನ್ನ ಉಣ್ಣುತ್ತಾಳೆ, ರೊಟ್ಟಿ ಆಗೋದಿಲ್ಲ.

ಅನರ್ಹರ ಕಾರ್ಡ್ ತೆಗೆಯಲಿ, ಬೇಡ ಅನ್ನೋದಿಲ್ಲ. ಆದರೆ ಮೊದಲು ನೋಟಿಸ್ ಬರಲಿ. ಶುರುವಾದ ಚಿಕಿತ್ಸೆ ಮುಗಿಯುವವರೆಗೆ ಹಳೇ ಕಾರ್ಡ್ ನಡೆಯಲಿ. ಒಂದು ತಿಂಗಳ ಅಕ್ಕಿ ತಪ್ಪಿದರೆ ಉದ್ರಿಯಾದರೂ ತರಬಹುದು. ರೇಡಿಯೇಶನ್ ಉದ್ರಿ ಸಿಗೋದಿಲ್ಲ.

ನೀವೂ ನನ್ನ ಹಾಗೆ ಊರು ಬಿಟ್ಟು ಬಂದವರಾದರೆ, ಇವತ್ತೇ ಮನೆಗೆ ಫೋನ್ ಮಾಡಿ ಕಾರ್ಡಲ್ಲಿ ಯಾರ ಯಾರ ಹೆಸರಿದೆ ಕೇಳಿ. ನಾನು ನನ್ನದು ತೆಗೆಸಿದ್ದು ಜನವರಿಯಲ್ಲಿ. ಇಳಕಲ್ಲು, ಹುನಗುಂದ ಅಂತ ಅಲೆದು ಮೂರು ರಜೆ ಹೋದವು. ಸಂಜೆ ಮನೆಗೆ ಬಂದಾಗ ಆಯಿ ಕೇಳಿದಳು, "ಯಾಕೋ, ಮನ್ಯಾಗಿಂದ ಹೆಸರ ತಗಸಿದೆಂತ?"

ಉತ್ತರ ಹೊಳೆಯಲಿಲ್ಲ.